ಮಾಂಟಾಕಿನ ಬಾಡಿಗೆ ದೋಣಿಗಳು

ನ್ಯೂಯಾರ್ಕ್ ಮಹಾನಗರದಿಂದ ಪೂರ್ವಕ್ಕೆ, ಲಾಂಗ್ ಐಲೆಂಡ್ ಎಂಬ ನೀಳವಾದ ದ್ವೀಪವೊಂದು ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿದೆ. ಭೂಪಟದಲ್ಲಿ ನೋಡಿದರೆ ದೊಡ್ಡದೊಂದು ಮೀನೇ ಮಲಗಿದಂತೆ ಕಾಣುತ್ತದೆ: ತಲೆ ನಗರದ ಕಡೆಗೆ, ಸೀಳಿದ ಬಾಲ ಕಡಲಿನ ಕಡೆಗೆ. ಆ ಬಾಲದ ದಕ್ಷಿಣ ಕವಲಿನ ತುತ್ತತುದಿಯಲ್ಲಿರುವ ಊರು ಮಾಂಟಾಕ್. ನಗರದಿಂದ ಅಲ್ಲಿಗೆ ಸುಮಾರು 120 ಮೈಲಿ. ರೈಲು ಹಳಿ ಅಲ್ಲಿಗೇ ಮುಗಿಯುತ್ತದೆ, ರಸ್ತೆಯೂ ಅಲ್ಲಿಗೇ ಮುಗಿಯುತ್ತದೆ; ಊರಿನವರು ತಮ್ಮ ಊರನ್ನು ‘ಕೊನೆ’ ಎಂದೇ ಕರೆದುಕೊಳ್ಳುತ್ತಾರೆ. ಜಾರ್ಜ್ ವಾಷಿಂಗ್ಟನ್ನರು ಅಧ್ಯಕ್ಷರಾಗಿದ್ದಾಗ ಮಂಜೂರಾಗಿ, 1796ರಲ್ಲಿ ಕಟ್ಟಿ ಮುಗಿದ ದೀಪಸ್ತಂಭವು ಭೂಶಿರದ ದಿಬ್ಬದ ಮೇಲೆ ಇಂದಿಗೂ ನಿಂತಿದೆ. ಅದನ್ನು ನೋಡುವುದಕ್ಕೆ, ಮರಳದಂಡೆಯಲ್ಲಿ ಮೈಚಾಚಿ ಬಿಸಿಲು ಕಾಯಿಸುವುದಕ್ಕೆ ಬೇಸಿಗೆಯಲ್ಲಿ ಜನರು ಹಿಂಡುಗಟ್ಟಿ ಬರುತ್ತಾರೆ. ಆದರೆ ದೇಶದೇಶಗಳಲ್ಲಿ ಮಾಂಟಾಕಿನ ಹೆಸರನ್ನು ಬೆಳೆಸಿದ್ದು ದೀಪಸ್ತಂಭಕ್ಕಿಂತ ಹೆಚ್ಚಾಗಿ ಅಲ್ಲಿನ ದಕ್ಕೆಯಲ್ಲಿ ಸಾಲುಗಟ್ಟಿ ನಿಂತ ಬಾಡಿಗೆಯ ದೋಣಿಗಳು. ಮೀನು ಹಿಡಿಯಬೇಕೆಂಬ ಹವ್ಯಾಸವುಳ್ಳವರನ್ನು ಕಡಲಿಗೆ ಕರೆದೊಯ್ದು ತರುವ ದೋಣಿಗಳು.

ಹಣ ತೆತ್ತು ಮೀನು ಹಿಡಿಯುವುದೆಂದರೆ ಮಲ್ಪೆ, ಗಂಗೊಳ್ಳಿ, ತದಡಿಗಳ ಕಡಲಮಕ್ಕಳಿಗೆ ನಗು ಬಂದೀತು. ಅಲ್ಲಿ ಕಡಲೆಂದರೆ ದುಡಿಮೆ. ಬಲೆ ಎಳೆದವನಿಗೆ ಪಾಲು ಸಿಕ್ಕಬೇಕೇ ಹೊರತು, ಎಳೆದವನೇ ಕೈಯಿಂದ ಕೊಡುವ ಪದ್ಧತಿಯುಂಟೆ? ಮಾಂಟಾಕಿನಲ್ಲಿಯಾದರೋ, ವಾರವೆಲ್ಲ ಕಚೇರಿಯ ಮೇಜಿಗೆ ಅಂಟಿಕೊಂಡಿದ್ದ ವಕೀಲ, ದಂತವೈದ್ಯ, ನಲ್ಲಿ ರಿಪೇರಿಯವನು, ಶಾಲೆಯ ಉಪಾಧ್ಯಾಯಿನಿ ಎಲ್ಲರೂ ರಜೆಯ ದಿನ ನಸುಕಿನಲ್ಲೇ ಎದ್ದು ಬಂದು, ದಕ್ಕೆಯಲ್ಲಿ ನಡುಗುತ್ತ ನಿಂತು, ಕೈತುಂಬ ಹಣ ಕೊಟ್ಟು ದೋಣಿಯೇರುತ್ತಾರೆ. ಅದೇ ಹಣಕ್ಕೆ ಮೀನಂಗಡಿಯಲ್ಲಿ ಬುಟ್ಟಿ ತುಂಬ ಮೀನು ದೊರೆಯುತ್ತದೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಅವರು ಕೊಳ್ಳುವುದು ಕಡಲ ಮೇಲಿನ ಒಂದು ದಿನವನ್ನು. ಆ ದಿನವು ಸುಖವಾಗಿ ಕಳೆಯುವುದೂ ಕೆಡುವುದೂ ಬಹುಮಟ್ಟಿಗೆ ಇಬ್ಬರ ಕೈಯಲ್ಲಿದೆ: ಚುಕ್ಕಾಣಿ ಹಿಡಿದ ಕಪ್ತಾನ, ಮತ್ತು ಮೇಟ್ ಎಂದು ಕರೆಸಿಕೊಳ್ಳುವ ಅವನ ಕೈಯಾಳು. ಮೀನು ಗಾಳಕ್ಕೆ ಬೀಳುವುದು ಬಿಡುವುದು ಅವರ ವಶದಲ್ಲಿಲ್ಲ. ಮಿಕ್ಕದ್ದೆಲ್ಲ ಅವರ ವಶದಲ್ಲಿದೆ.

ಈ ಬಂದರು ಪ್ರಕೃತಿಯ ಕೊಡುಗೆಯಲ್ಲ. ಮಯಾಮಿ ಬೀಚನ್ನು ಕಟ್ಟಿ ಹೆಸರಾಗಿದ್ದ ಕಾರ್ಲ್ ಫಿಷರ್ ಎಂಬ ಸಾಹಸಿಯು 1920ರ ದಶಕದಲ್ಲಿ ಇಲ್ಲಿಗೆ ಬಂದು ಸಾವಿರಾರು ಎಕರೆ ಕೊಂಡು, ಉತ್ತರಕ್ಕೂ ಒಂದು ಮಯಾಮಿಯನ್ನು ಕಟ್ಟಿಬಿಡುವೆನೆಂದು ಹೊರಟನು. ಊರಿನ ಮಗ್ಗುಲಲ್ಲಿದ್ದ ದೊಡ್ಡ ಕೆರೆಗೂ ಕಡಲಿಗೂ ನಡುವೆ ಇದ್ದ ನೆಲವನ್ನು ಸೀಳಿಸಿ ದೋಣಿಗಳಿಗೆ ದಾರಿ ಮಾಡಿಸಿದನು. 1929ರ ಆರ್ಥಿಕ ಕುಸಿತದಲ್ಲಿ ಅವನ ಕನಸು ಮುಳುಗಿತು. ಸೀಳಿದ ಕಾಲುವೆ ಮಾತ್ರ ಉಳಿಯಿತು. ಹಳೆಯ ಬೆಸ್ತರ ಹಳ್ಳಿಯಿದ್ದದ್ದು ಫೋರ್ಟ್ ಪಾಂಡ್ ಕೊಲ್ಲಿಯ ದಂಡೆಯಲ್ಲಿ. 1938ರ ಸೆಪ್ಟೆಂಬರಿನ ಚಂಡಮಾರುತವು ಅದನ್ನು ಬಡಿದುಹಾಕಿತು. ಕ್ರಮೇಣ ದೋಣಿಗಳೆಲ್ಲ ಫಿಷರನ ಕೆರೆಗೆ ಬಂದು ನೆಲೆಸಿದವು. ಶ್ರೀಮಂತರ ವಿಹಾರನೌಕೆಗಳಿಗಾಗಿ ತೋಡಿದ ದಾರಿಯಲ್ಲಿ ಮೀನು ವಾಸನೆಯ ದೋಣಿಗಳು ಸಾಗಿದವೆಂಬುದು ವಿಧಿಯ ಒಂದು ಸಣ್ಣ ವಿನೋದ.

ಎರಡು ಬಗೆಯ ದೋಣಿಗಳು

ಬಾಡಿಗೆಯ ದೋಣಿಗಳಲ್ಲಿ ಎರಡು ಜಾತಿ. ಮೊದಲನೆಯದು ತಲೆಗಿಷ್ಟೆಂದು ಟಿಕೆಟು ಕೊಂಡು ಯಾರು ಬೇಕಾದರೂ ಏರಬಹುದಾದ ದೊಡ್ಡ ದೋಣಿ; ಪಾರ್ಟಿ ಬೋಟ್ ಎಂದು ಅದರ ಹೆಸರು. ಇದನ್ನು ನಮ್ಮ ಸಿಟಿ ಬಸ್ಸಿಗೆ ಹೋಲಿಸಬಹುದು. ಹತ್ತಾರು ಮಂದಿ ಅಪರಿಚಿತರು ಭುಜಕ್ಕೆ ಭುಜ ತಾಗಿಸಿ ಕಟಾಂಜನದ ಉದ್ದಕ್ಕೂ ನಿಂತು ಗಾಳ ಇಳಿಬಿಡುತ್ತಾರೆ. ಗಾಳದ ಕೋಲಿಲ್ಲದವರಿಗೆ ಅಲ್ಲಿಯೇ ಬಾಡಿಗೆಗೆ ಕೋಲು ಸಿಕ್ಕುತ್ತದೆ. ಇಷ್ಟವುಳ್ಳವರು ಕೆಲವು ಡಾಲರು ಹಾಕಿ ಒಂದು ಗಂಟು ಕಟ್ಟುತ್ತಾರೆ. ಆ ದಿನ ಎಲ್ಲರಿಗಿಂತ ದೊಡ್ಡ ಮೀನು ಹಿಡಿದವನಿಗೆ ಆ ಗಂಟು. ಎರಡನೆಯದು ಚಾರ್ಟರ್. ಇದು ಇಡೀ ಟ್ಯಾಕ್ಸಿಯನ್ನು ಗೊತ್ತುಮಾಡಿಕೊಂಡಂತೆ. ಒಂದು ಮನೆಯವರೋ ಒಂದು ಗೆಳೆಯರ ಕೂಟವೋ ಪೂರ್ತಿ ದೋಣಿಯನ್ನೇ ಹಿಡಿಯುತ್ತದೆ. ಸಾಮಾನ್ಯವಾದ ಚಾರ್ಟರ್ ದೋಣಿಯಲ್ಲಿ ಹಣ ಕೊಟ್ಟ ಪ್ರಯಾಣಿಕರು 6 ಮಂದಿಗಿಂತ ಹೆಚ್ಚಿರಲಾಗದು. ಈ ಆರರ ಲೆಕ್ಕದ ಹಿಂದೆ ಒಂದು ದುಃಖದ ಕಥೆಯಿದೆ. ಅದು ಮುಂದೆ ಬರುತ್ತದೆ.

ಚಾರ್ಟರಿನ ಖರ್ಚು ಅಲ್ಪಸ್ವಲ್ಪವಲ್ಲ. ಈಗಿನ ದಿನಗಳಲ್ಲಿ ಅರ್ಧ ದಿನಕ್ಕೇ ಸಾವಿರ ಡಾಲರಿನ ಆಸುಪಾಸು ಆಗುತ್ತದೆ; ದೂರದ ಕಡಲಿಗೆ ಟ್ಯೂನಾ ಹಿಡಿಯಹೋದರೆ ಅದರ ಹಲವು ಪಟ್ಟು. ಈ ಹಣದಲ್ಲಿ ಡೀಸೆಲ್ಲು, ಎರೆ, ದಕ್ಕೆಯ ಬಾಡಿಗೆ, ವಿಮೆ, ಎಂಜಿನ್ನಿನ ರಿಪೇರಿ ಎಲ್ಲವನ್ನೂ ಕಳೆದು ಉಳಿದದ್ದು ಕಪ್ತಾನನಿಗೆ. ಮೇಟನ ಜೀವನ ನಡೆಯುವುದು ಬಹುಪಾಲು ಭಕ್ಷೀಸಿನಿಂದ. ಬಾಡಿಗೆಯ ಮೇಲೆ ಶೇಕಡಾ 15ರಿಂದ 20 ಕೊಡುವುದು ಅಲ್ಲಿನ ರೂಢಿ, ಕೊಡಲೇಬೇಕೆಂಬ ಕಾನೂನಿಲ್ಲ. ನಾಲ್ಕು ಗಂಟೆಗೆ ಎದ್ದು ಎರೆ ಕತ್ತರಿಸಿದವನಿಗೆ, ತನ್ನ ಕೂಲಿ ಎಷ್ಟೆಂಬುದು ಸಂಜೆ ಗಿರಾಕಿ ಕೈಕುಲುಕುವ ತನಕ ತಿಳಿಯುವುದಿಲ್ಲ. ಭಾರತದ ಯಾತ್ರಿಕರು, ಅದರಲ್ಲಿಯೂ ಹೊಸದಾಗಿ ಆ ದೇಶಕ್ಕೆ ಹೋದವರು, ಬಾಡಿಗೆಯಲ್ಲೇ ಎಲ್ಲವೂ ಸೇರಿತೆಂದು ಭಾವಿಸಿ ಧನ್ಯವಾದ ಹೇಳಿ ಇಳಿದುಹೋಗುವುದುಂಟು. ಅದು ಜಿಪುಣತನವಲ್ಲ, ತಿಳಿಯದೆ ಆದದ್ದು. ಆದರೂ ಮೇಟನ ಆ ದಿನದ ದುಡಿಮೆ ಹೋದಂತೆಯೇ.

ಮೇಟನ ದಿನಚರಿ

ಈ ಮೇಟ್ ಎಂಬಾತನನ್ನು ಸ್ವಲ್ಪ ವಿವರವಾಗಿ ನೋಡುವುದು ಲೇಸು. ಹೆಚ್ಚಾಗಿ ಹದಿನೆಂಟು, ಇಪ್ಪತ್ತರ ಹುಡುಗ. ಕಾಲೇಜಿನ ರಜೆಯಲ್ಲಿ ದುಡಿಯುವವನಿರಬಹುದು, ಮುಂದೆ ತಾನೇ ಕಪ್ತಾನನಾಗಬೇಕೆಂದು ಕಲಿಯುತ್ತಿರುವವನಿರಬಹುದು. ನಡುವಯಸ್ಸು ದಾಟಿದವರೂ ಇಲ್ಲದಿಲ್ಲ. ಗಿರಾಕಿಗಳು ಬರುವ ಹೊತ್ತಿಗೆ ಅವನು ಮಂಜುಗಡ್ಡೆ ತುಂಬಿ, ಗಾಳಗಳನ್ನು ಕಟ್ಟಿ, ಡೆಕ್ಕನ್ನು ತೊಳೆದು ಮುಗಿಸಿರುತ್ತಾನೆ. ಬಂದವರ ಚಪ್ಪಲಿ ಬೂಟುಗಳ ಮೇಲೆ ಅವನ ಮೊದಲ ಕಣ್ಣು. ಕರಿಯ ಅಟ್ಟೆಯ ಬೂಟು ಬಿಳಿಯ ಡೆಕ್ಕಿನ ಮೇಲೆ ಗೆರೆ ಎಳೆಯುತ್ತದೆ. ತಿಂಡಿಯ ಚೀಲದ ಮೇಲೆ ಎರಡನೆಯ ಕಣ್ಣು: ಬಾಳೆಹಣ್ಣು ದೋಣಿಗೆ ಅಪಶಕುನವೆಂಬ ನಂಬಿಕೆ ಅಲ್ಲಿನ ಬಂದರುಗಳಲ್ಲೆಲ್ಲ ಬೇರೂರಿದೆ. ಮಂಗಳಕಾರ್ಯಕ್ಕೆ ಬಾಳೆಯಿಲ್ಲದೆ ನಡೆಯದ ನಾಡಿನಿಂದ ಹೋದವರು ಬುತ್ತಿಯೊಡನೆ ಎರಡು ಪುಟ್ಟಬಾಳೆ ಇಟ್ಟುಕೊಂಡಿದ್ದರೆ, ಅವನ್ನು ದಕ್ಕೆಯ ಮೇಲೆಯೇ ತಿಂದು ಮುಗಿಸಬೇಕಾಗುತ್ತದೆ. ಹೊರಡುವ ಮುನ್ನ ತೇಲುವ ಜಾಕೀಟುಗಳು ಎಲ್ಲಿವೆ, ಅವನ್ನು ತೊಡುವುದು ಹೇಗೆ ಎಂಬುದನ್ನು ಹೇಳಿಕೊಡಬೇಕೆಂದು ಸರ್ಕಾರದ ನಿಯಮವಿದೆ. ಇದನ್ನು ಗಿಣಿಪಾಠದಂತೆ ಒದರಿ ಮುಗಿಸುವ ದೋಣಿಗಳೂ ಉಂಟು, ಎಲ್ಲರೂ ಕೇಳಿದರೇ ಇಲ್ಲವೇ ಎಂದು ಮುಖ ನೋಡಿ ಹೇಳುವ ದೋಣಿಗಳೂ ಉಂಟು. ದೋಣಿ ಎಂಥದೆಂಬುದನ್ನು ಹಳೆಯ ಗಿರಾಕಿಗಳು ಇಷ್ಟರಿಂದಲೇ ಅಳೆದುಬಿಡುತ್ತಾರೆ.

ಕಾಲುವೆ ದಾಟಿ ದೋಣಿ ಹೊರಬಿದ್ದ ಮೇಲೆ ಮೇಟನು ಏಕಕಾಲಕ್ಕೆ ಉಪಾಧ್ಯಾಯನೂ ದಾದಿಯೂ ಆಗುತ್ತಾನೆ. ಗಾಳ ಹಿಡಿದೇ ಅರಿಯದವನಿಗೆ ರೀಲಿನ ಮೇಲೆ ಹೆಬ್ಬೆರಳನ್ನು ಎಲ್ಲಿಡಬೇಕೆಂದು ತೋರಿಸಬೇಕು. ಸೀಸದ ಗುಂಡು ತಳ ಮುಟ್ಟಿದ್ದು ಕೈಗೆ ಹೇಗೆ ತಿಳಿಯುತ್ತದೆಂದು ಹೇಳಬೇಕು. ಫ್ಲೂಕ್ ಎಂಬ, ನಂಗು ಮೀನಿನಂತೆ ಚಪ್ಪಟೆಯಾದ ಮೀನು ತಳದ ಮರಳಿನಲ್ಲಿ ಅಂಟಿಕೊಂಡಿರುತ್ತದೆ. ಅದು ಎರೆಯನ್ನು ಮೊದಲು ಮೆಲ್ಲನೆ ಬಾಯಲ್ಲಿ ಹಿಡಿಯುತ್ತದೆ. ಆಗ ಆತುರಪಟ್ಟು ಎಳೆದರೆ ಬರಿಯ ಗಾಳ ಮೇಲೆ ಬರುತ್ತದೆ. ಇದನ್ನು ಹತ್ತನೆಯ ಸಲ ಹೇಳುವಾಗಲೂ ದನಿಯಲ್ಲಿ ಬೇಸರ ಸುಳಿಯಬಾರದು. ಪಾರ್ಟಿ ಬೋಟಿನಲ್ಲಂತೂ ದಾರಗಳು ಒಂದಕ್ಕೊಂದು ತೊಡರುವುದೇ ದೊಡ್ಡ ರಗಳೆ. ಒಬ್ಬನ ಗಾಳಕ್ಕೆ ಮೀನು ಸಿಕ್ಕಿತೆಂದು ಎಳೆದರೆ ಅಕ್ಕಪಕ್ಕದ ಐದು ದಾರಗಳು ಜಡೆಗಟ್ಟಿ ಮೇಲೆ ಬರುತ್ತವೆ. ತಪ್ಪು ಯಾರದೆಂದು ಐವರೂ ವಾದಕ್ಕೆ ನಿಲ್ಲುತ್ತಾರೆ. ಒಳ್ಳೆಯ ಮೇಟ್ ತಪ್ಪಿನ ಮಾತೆತ್ತದೆ ಬೆರಳಾಡಿಸಿ ಬಿಡಿಸುತ್ತಾನೆ. ಬಿಡಿಸಲು ಬಾರದ ಕಡೆ ಕತ್ತರಿಸಿ ಹೊಸದನ್ನು ಕಟ್ಟಿಕೊಡುತ್ತಾನೆ. ಕೆಟ್ಟ ಮೇಟ್ ಗೊಣಗುತ್ತಾನೆ. ಹೆಚ್ಚು ಭಕ್ಷೀಸು ಕೊಡುವವನೆಂದು ತೋರಿದವನ ಹತ್ತಿರವೇ ಸುಳಿದಾಡುತ್ತಾನೆ. ಹಿಂಬದಿಯ ಮೂಲೆಯಲ್ಲಿ ಹಳೆಯ ಕೋಟು ತೊಟ್ಟು ನಿಂತ ಮುದುಕನ ಗಾಳದಲ್ಲಿ ಎರೆ ಹೋಗಿ ಅರ್ಧ ಗಂಟೆಯಾಗಿದ್ದರೂ ಅತ್ತ ತಿರುಗಿ ನೋಡುವುದಿಲ್ಲ.

ಪಿತ್ತ ಕೆರಳುವ ವಿಷಯ ಬೇರೆಯೇ. ಮಾಂಟಾಕಿನ ಭೂಶಿರದ ಬಳಿ ಎರಡು ಕಡೆಯ ನೀರು ಸೇರುತ್ತದೆ. ಇಳಿತದ ಸಮಯದಲ್ಲಿ ಪೂರ್ವದ ಗಾಳಿ ಎದುರಾದರೆ ಅಲೆಗಳು ಒಂದರ ಬೆನ್ನ ಮೇಲೊಂದು ಕಡಿದಾಗಿ ಏಳುತ್ತವೆ. ದಡದಲ್ಲಿ ಗಟ್ಟಿಗನೆನಿಸಿಕೊಂಡವನೂ ಅಲ್ಲಿ ಮೆತ್ತಗಾಗುತ್ತಾನೆ. ಅಂಥವನನ್ನು ಗಾಳಿಯ ಮರೆಯ ಮಗ್ಗುಲಿಗೆ ಕರೆದೊಯ್ದು, ದಿಗಂತದ ಕಡೆಗೆ ದೃಷ್ಟಿಯಿಡಲು ಹೇಳಿ, ಒಂದು ಬಕೆಟು ನೀರಿನಿಂದ ಡೆಕ್ಕನ್ನು ಸದ್ದಿಲ್ಲದೆ ತೊಳೆದು, ಏನೂ ಆಗಲಿಲ್ಲವೆಂಬಂತೆ ನಡೆದುಕೊಳ್ಳುವುದು ಮೇಟನ ಕರ್ತವ್ಯಗಳಲ್ಲೊಂದು. ತಂದೆಯ ಎದುರಿಗೆ, ತಂದೆಯ ಗೆಳೆಯರ ಎದುರಿಗೆ ವಾಂತಿ ಮಾಡಿಕೊಂಡ ಹನ್ನೆರಡರ ಹುಡುಗನಿಗೆ ಆಗ ಬೇಕಾದದ್ದು ಔಷಧಕ್ಕಿಂತ ಹೆಚ್ಚಾಗಿ ಈ ಮರೆಯೇ. ಚಾರ್ಟರಿನಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದು ಏಳುತ್ತದೆ: ಐವರಿಗೆ ಮೀನು ಬೇಕು, ಒಬ್ಬನಿಗೆ ದಡ ಬೇಕು. ಹಿಂದಿರುಗಿದರೆ ಬಾಡಿಗೆ ವಾಪಸಾಗುವುದಿಲ್ಲ. ತೀರ್ಮಾನವು ಗಿರಾಕಿಗಳದೇ ಎಂಬುದು ಸಾಮಾನ್ಯ ಪದ್ಧತಿಯಾದರೂ, ಆ ಐವರ ಗದ್ದಲದ ನಡುವೆ ಆರನೆಯವನ ಮುಖವನ್ನು ನೋಡಿ ಕಪ್ತಾನನು ಒಂದು ಮಾತು ಹೇಳಿದರೆ ಅದಕ್ಕೆ ತೂಕವುಂಟು.

ಮೀನು ಯಾರು ಹಿಡಿದದ್ದು?

ಸೇವೆ ಹೆಚ್ಚಾದರೂ ತೊಂದರೆಯೇ. ಕೆಲವು ಮೇಟ್‌ಗಳು ಗಿರಾಕಿ ಸಂತೋಷಪಡಲೆಂದು ತಾವೇ ಗಾಳ ಬಿಟ್ಟು, ತಾವೇ ಮೀನನ್ನು ಸಿಕ್ಕಿಸಿ, ಕೋಲನ್ನು ಗಿರಾಕಿಯ ಕೈಗೆ ವರ್ಗಾಯಿಸುತ್ತಾರೆ. ಮಕ್ಕಳಿಗೆ ಇದು ಚೆನ್ನ. ದೊಡ್ಡವರಲ್ಲಿ ಹಲವರಿಗೆ ಇದು ಅವಮಾನ. 1939ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಗಾಳದ ಮೀನುಗಾರರ ಸಂಘವು ಮೀನುಗಳ ದಾಖಲೆಯನ್ನಿಡುತ್ತದೆ. ಮೀನು ಕಚ್ಚಿದ ಮೇಲೆ ಬೇರೊಬ್ಬನ ಕೈ ಕೋಲಿಗಾಗಲಿ ರೀಲಿಗಾಗಲಿ ತಾಗಿದರೆ ಆ ಮೀನು ದಾಖಲೆಗೆ ಸಲ್ಲದೆಂದು ಅದರ ನಿಯಮ. ದಾಖಲೆಯ ಹಂಬಲವಿಲ್ಲದವನಿಗೂ ಮನಸ್ಸಿನಲ್ಲಿ ಅಂಥದೇ ಒಂದು ನಿಯಮಾವಳಿ ಇರುತ್ತದೆ. ಕೈ ಸೋತು ಬೆರಳು ಬಿಗಿದು ಮೀನು ತಪ್ಪಿಸಿಕೊಂಡೀತೆಂಬ ಗಳಿಗೆಯಲ್ಲಿ ಮೇಟ್ ಕೈಕಟ್ಟಿ ನಿಂತು, ಬಾಯಿಮಾತಿನಲ್ಲಿ ಮಾತ್ರ ದಾರಿ ತೋರಿಸಿ, ಕಡೆಯಲ್ಲಿ ಮೀನು ಮೇಲಕ್ಕೆ ಬಂದಾಗ ಗ್ಯಾಫ್ ಎಂಬ ಕೊಕ್ಕೆಗೋಲಿನಿಂದ ಅದನ್ನು ತಪ್ಪದೆ ಎತ್ತಿದನೆಂದರೆ, ಅವನ ಸಂಯಮಕ್ಕೆ ಬೆಲೆ ಕಟ್ಟುವುದು ಕಷ್ಟ.

ಇಷ್ಟೆಲ್ಲ ವಿನಯದ ಮಾತನಾಡಿದ ಮೇಲೆ ಫ್ರಾಂಕ್ ಮುಂಡಸ್ ಎಂಬ ಕಪ್ತಾನರನ್ನು ನೆನೆಯದಿದ್ದರೆ ಮಾಂಟಾಕಿಗೆ ಅಪಚಾರವಾದೀತು. 1951ರಲ್ಲಿ ‘ಕ್ರಿಕೆಟ್ 2’ ಎಂಬ 42 ಅಡಿಯ ದೋಣಿಯೊಡನೆ ಅವರು ಇಲ್ಲಿಗೆ ಬಂದರು. ಆಗ ಶಾರ್ಕ್ ಮೀನನ್ನು ಯಾರೂ ಬಯಸುತ್ತಿರಲಿಲ್ಲ. ಗಾಳ ಕೆಡಿಸುವ ಪೀಡೆಯೆಂದು ಬೈಯುತ್ತಿದ್ದರು. ಮುಂಡಸರು ಅದಕ್ಕೆ ‘ರಾಕ್ಷಸ ಬೇಟೆ’ ಎಂಬರ್ಥದ ಹೆಸರು ಕೊಟ್ಟು, ನೀರಿಗೆ ರಕ್ತ ಮಾಂಸ ಸುರಿದು ಶಾರ್ಕುಗಳನ್ನು ಕರೆದು, ಗಿರಾಕಿಗಳಿಗೆ ಹೊಸದೊಂದು ರುಚಿ ಹತ್ತಿಸಿದರು. ಕಿವಿಯಲ್ಲಿ ಬಳೆಯಂಥ ಓಲೆ, ಕೊರಳಲ್ಲಿ ಶಾರ್ಕಿನ ಹಲ್ಲು. ದೋಣಿಯ ಎಡಬಲ ದೀಪಗಳಂತೆ ಒಂದು ಕಾಲಿನ ಉಗುರಿಗೆ ಕೆಂಪು ಬಣ್ಣ, ಇನ್ನೊಂದಕ್ಕೆ ಹಸಿರು! ಮಾತು ಬಲು ಒರಟು. ಗಿರಾಕಿಗಳನ್ನು ಮುಖಕ್ಕೆ ಮುಖ ಕೊಟ್ಟು ಹಂಗಿಸುವುದರಲ್ಲಿ ಪ್ರಸಿದ್ಧರು. ಆದರೂ ಜನರು ಸಾಲುಗಟ್ಟಿ ಬರುತ್ತಿದ್ದರು. ಪೀಟರ್ ಬೆಂಚ್ಲಿಯವರ ‘ಜಾಸ್’ ಕಾದಂಬರಿಯ, ಆಮೇಲೆ 1975ರ ಚಲನಚಿತ್ರದ ಶಾರ್ಕ್ ಬೇಟೆಗಾರ ಕ್ವಿಂಟ್ ಇವರದೇ ಪಡಿಯಚ್ಚೆಂದು ಜನ ನಂಬುತ್ತಾರೆ. ಅವರೂ ಹಾಗೆಯೇ ಹೇಳಿಕೊಳ್ಳುತ್ತಿದ್ದರು. 1986ರಲ್ಲಿ ಡಾನಿ ಬ್ರಾಡಿಕ್ ಎಂಬವರೊಡನೆ ಅವರು ಕೋಲಿನ ಗಾಳದಿಂದ 3,427 ಪೌಂಡು ತೂಗಿದ ಬಿಳಿಯ ಶಾರ್ಕನ್ನು ದಡಕ್ಕೆ ತಂದರು. ಮುಪ್ಪಿನಲ್ಲಿ ಅದೇ ಮುಂಡಸರು ಶಾರ್ಕುಗಳನ್ನು ಉಳಿಸಿರೆಂದು ಬೋಧಿಸತೊಡಗಿದ್ದರು. 2008ರಲ್ಲಿ ತೀರಿಕೊಂಡರು. ಅವರ ಒರಟುತನವನ್ನು ಅನುಕರಿಸಿದ ಕಪ್ತಾನರು ಆಮೇಲೆಯೂ ಕೆಲವರು ಬಂದರೆಂದು ಹೇಳಬೇಕಾಗಿಲ್ಲ. ಆದರೆ ಒರಟುತನವನ್ನು ಅನುಕರಿಸುವುದು ಸುಲಭ, ಕಡಲ ಜ್ಞಾನವನ್ನು ಅನುಕರಿಸುವುದು ಸುಲಭವಲ್ಲ.

ಪೆಲಿಕನ್ ದೋಣಿ

ಮುಂಡಸರು ಬಂದ ವರ್ಷವೇ ಮಾಂಟಾಕಿನ ಅತ್ಯಂತ ದೊಡ್ಡ ದುರಂತ ನಡೆಯಿತು. ಆ ಕಾಲಕ್ಕೆ ನಗರದಿಂದ ಮೀನು ಹಿಡಿಯುವವರಿಗಾಗಿಯೇ ವಿಶೇಷ ರೈಲು ಬರುತ್ತಿತ್ತು. ಫೋರ್ಟ್ ಪಾಂಡ್ ಕೊಲ್ಲಿಯ ದಕ್ಕೆಯ ಹತ್ತಿರವೇ ರೈಲು ನಿಲ್ಲುವುದು. ನಿಂತ ಕೂಡಲೆ ಜನರು ಬುತ್ತಿಯ ಪೆಟ್ಟಿಗೆ, ಗಾಳದ ಕೋಲುಗಳೊಡನೆ ಧುಮುಕಿ ಒಳ್ಳೆಯ ದೋಣಿಯಲ್ಲಿ ಒಳ್ಳೆಯ ಜಾಗ ಹಿಡಿಯಲು ಓಡುವರು. 1951ರ ಸೆಪ್ಟೆಂಬರ್ 1, ಶನಿವಾರ. ಕಾರ್ಮಿಕ ದಿನದ ರಜೆಗೆ ಸೇರಿದ ವಾರಾಂತ್ಯ. ಬೇಸಿಗೆಯ ಕೊನೆಯ ದೊಡ್ಡ ಗಿರಾಕಿ. ಎಡ್ಡಿ ಕ್ಯಾರಲ್ ಎಂಬ ಕಪ್ತಾನರ ‘ಪೆಲಿಕನ್’ ಎಂಬ 42 ಅಡಿಯ ದೋಣಿಗೆ ಅಂದು ಒಬ್ಬರ ಹಿಂದೊಬ್ಬರು ಹತ್ತಿದರು. ಕ್ಯಾರಲ್ ಜನರಿಗೆ ಬೇಕಾದವರಾಗಿದ್ದರು. ಯಾರನ್ನೂ ಇಳಿಸಲಿಲ್ಲ. ಕಪ್ತಾನ, ಮೇಟ್ ಸೇರಿ 64 ಜನರನ್ನು ಹೊತ್ತು ದೋಣಿ ಹೊರಟಿತು.

ಭೂಶಿರವನ್ನು ಬಳಸಿ ದಕ್ಷಿಣದ ಕಡಲಿಗೆ ಹೋದ ದೋಣಿಯಲ್ಲಿ ಮಧ್ಯಾಹ್ನವಾಗುವುದರೊಳಗೆ ಅನೇಕರಿಗೆ ಪಿತ್ತ ಕೆರಳಿತು; ಹವೆ ಕೆಟ್ಟಿತು; ದೋಣಿ ಹಿಂದಿರುಗಿತು. ದಾರಿಯಲ್ಲಿ ಎರಡು ಎಂಜಿನ್ನುಗಳಲ್ಲೊಂದು ನಿಂತುಹೋಯಿತು. ಈಶಾನ್ಯದ ಗಾಳಿ ಒಂದು ಕಡೆ, ಇಳಿತದ ಸೆಳೆತ ಇನ್ನೊಂದು ಕಡೆ. ಭೂಶಿರದ ಬಳಿ ಬಂದಾಗ ದೊಡ್ಡ ಅಲೆಗಳು ಬಲಮಗ್ಗುಲಿಗೆ ಬಡಿದವು. ಜನರ ಭಾರವೆಲ್ಲ ಒಂದೇ ಕಡೆಗೆ ಸರಿಯಿತು, ದೋಣಿ ಮಗುಚಿತು. ದೀಪಸ್ತಂಭ ಕಣ್ಣಳತೆಯಲ್ಲೇ ಇತ್ತು. ಹತ್ತಿರದಲ್ಲಿದ್ದ ದೋಣಿಗಳವರು ಆ ಅಲೆಗಳ ನಡುವೆಯೇ ನುಗ್ಗಿ 19 ಜನರನ್ನು ಉಳಿಸಿದರು. 45 ಜನ ಸತ್ತರು. ಕಪ್ತಾನ ಕ್ಯಾರಲ್ ಅವರಲ್ಲೊಬ್ಬರು. ಮಗುಚಿದ ದೋಣಿಯನ್ನು ಬಂದರಿಗೆ ಎಳೆದು ತಂದವರಲ್ಲಿ ಮುಂಡಸರೂ ಒಬ್ಬರು.

ಆ ಬೆಳಿಗ್ಗೆ ದಕ್ಕೆಯ ಮೇಲೆ ನಿಂತು, ‘ಇನ್ನು ಜಾಗವಿಲ್ಲ, ಇಳಿಯಿರಿ’ ಎಂದು ಯಾರಾದರೂ ಹೇಳಿದ್ದರೆ ಇಳಿದವರು ಬೈದುಕೊಂಡೇ ಹೋಗುತ್ತಿದ್ದರು. 120 ಮೈಲಿ ರೈಲಿನಲ್ಲಿ ಬಂದವರಿಗೆ ಕೋಪ ಬರುವುದು ಸಹಜ. ಅಂದಿನ ಕಾನೂನಿನಲ್ಲಿಯೂ ಹಾಗೆ ಹೇಳಲೇಬೇಕೆಂಬ ಕಟ್ಟು ಇರಲಿಲ್ಲ. 15 ಟನ್ನಿಗಿಂತ ಚಿಕ್ಕ ಮೋಟಾರು ದೋಣಿಗಳನ್ನು ಸರ್ಕಾರ ತಪಾಸಣೆ ಮಾಡುತ್ತಲೇ ಇರಲಿಲ್ಲ. ದುರಂತದ ಬಳಿಕ, 1956ರಲ್ಲಿ ಅಮೆರಿಕದ ಕಾಂಗ್ರೆಸ್ಸು ಹೊಸ ಕಾನೂನು ಮಾಡಿತು. 6ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವ ದೋಣಿಯನ್ನು ಕೋಸ್ಟ್ ಗಾರ್ಡಿನವರು ಪರೀಕ್ಷಿಸಿ, ಎಷ್ಟು ಜನರೆಂಬುದನ್ನು ಗೊತ್ತುಮಾಡಿ ಪತ್ರ ಕೊಡಬೇಕು. ಅದಿಲ್ಲದ ದೋಣಿಗೆ 6 ಜನವೇ ಮಿತಿ. ಆರು ಮಂದಿಯನ್ನು ಒಯ್ಯುವವನಿಗೂ ಕೋಸ್ಟ್ ಗಾರ್ಡಿನ ಪರವಾನಗಿ ಬೇಕೇ ಬೇಕು. ಏಳನೆಯವನಾಗಿ ತಮ್ಮ ಭಾವಮೈದುನನನ್ನು ಕರೆತಂದು, ‘ಒಬ್ಬನಿಂದ ಏನಾದೀತು, ಇನ್ನೂ ನೂರು ಡಾಲರು ತೆಗೆದುಕೊಳ್ಳಿ’ ಎಂದು ಪುಸಲಾಯಿಸುವ ಗಿರಾಕಿಗಳು ಇಂದಿಗೂ ಇದ್ದಾರೆ. ಕಪ್ತಾನನು ತಲೆಯಾಡಿಸಿ ಒಲ್ಲೆನೆಂದರೆ ಅವನನ್ನು ಮೊಂಡನೆನ್ನುತ್ತಾರೆ. ಮಲ್ಪೆಯ ದಕ್ಕೆಯಲ್ಲಿ ತಾಂಡೇಲನ ಮಾತೇ ಕೊನೆಯ ಮಾತು. ಅವನೊಡನೆ ಹೊರಡುವವರೆಲ್ಲ ಕಡಲನ್ನು ಬಲ್ಲವರು, ಎದುರಾಡುವುದಿಲ್ಲ. ಮಾಂಟಾಕಿನ ತಾಂಡೇಲನ ಇಕ್ಕಟ್ಟು ಬೇರೆ. ಅವನ ದೋಣಿಯಲ್ಲಿರುವವರಿಗೆ ಕಡಲು ಗೊತ್ತಿಲ್ಲ, ಮತ್ತು ಹಣ ಕೊಟ್ಟವರು ಅವರೇ.

ಒಲ್ಲೆನೆನ್ನಬೇಕಾದ ಸಣ್ಣಪುಟ್ಟ ಸಂದರ್ಭಗಳು ದಿನವೂ ಬರುತ್ತವೆ. ಶರತ್ಕಾಲದಲ್ಲಿ ಸ್ಟ್ರೈಪ್ಡ್ ಬಾಸ್ ಎಂಬ ಪಟ್ಟೆಮೀನುಗಳು ಹಿಂಡುಹಿಂಡಾಗಿ ಭೂಶಿರದ ಸುತ್ತ ಬರುತ್ತವೆ; ಅದೇ ಮಾಂಟಾಕಿನ ಸುಗ್ಗಿ. ಈ ಮೀನಿನ ಸಂತತಿ ಕುಂದಿದ್ದರಿಂದ, 2023ರಲ್ಲಿ ಕರಾವಳಿಯ ರಾಜ್ಯಗಳು ನಿಯಮವನ್ನು ಬಿಗಿಮಾಡಿದವು: ಒಬ್ಬನಿಗೆ ಒಂದೇ ಮೀನು, ಅದೂ 28ರಿಂದ 31 ಅಂಗುಲದೊಳಗಿನದು. ಚಿಕ್ಕದನ್ನು ಬಿಡಬೇಕೆಂದರೆ ಯಾರಿಗೂ ಬೇಸರವಿಲ್ಲ. ಜೀವಮಾನದಲ್ಲಿ ಒಮ್ಮೆ ಸಿಕ್ಕುವ 40 ಅಂಗುಲದ ಮೀನನ್ನು ಅರ್ಧ ಗಂಟೆ ಹೆಣಗಿ ಎಳೆದು, ಫೋಟೋ ತೆಗೆದು, ನೀರಿಗೆ ಮರಳಿ ಬಿಡಬೇಕೆಂದರೆ ಗಿರಾಕಿಯ ಮುಖ ಬಾಡುತ್ತದೆ. ‘ಯಾರು ನೋಡುತ್ತಾರೆ?’ ಎಂಬ ಪಿಸುಮಾತು ಬರುತ್ತದೆ. ಮಾಕೋ ಎಂಬ ಶಾರ್ಕಿನ ವಿಷಯದಲ್ಲಂತೂ 2022ರ ಬೇಸಿಗೆಯಲ್ಲಿ ಪೂರ್ತಿ ನಿಷೇಧವೇ ಬಂತು. ಇಂಥಲ್ಲಿ ಅಳತೆಪಟ್ಟಿ ಹಿಡಿದು ನಿಂತವನು, ಸಂಜೆಯ ಭಕ್ಷೀಸನ್ನು ಅದೇ ಗಿರಾಕಿಯ ಕೈಯಿಂದ ನಿರೀಕ್ಷಿಸುವ ಮೇಟ್. ಮೀನನ್ನು ತಲೆಕೆಳಗಾಗಿ ಎಸೆಯದೆ, ಎರಡು ಕೈಯಲ್ಲಿ ನೀರಿನೊಳಗೆ ಹಿಡಿದು, ಅದು ಕಿವಿರು ಆಡಿಸಿ ಬಾಲ ಬೀಸುವ ತನಕ ಕಾದು ಬಿಡುವವರುಂಟು. ಅದನ್ನು ನೋಡಿದ ಮೇಲೆ ಗಿರಾಕಿಯ ಕೋಪ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ.

ಮೀನಿನ ಒಡೆತನದ ಬಗ್ಗೆಯೂ ಜಗಳಗಳುಂಟು. ಬಾಡಿಗೆ ಕೊಟ್ಟವರಿಗೇ ಮೀನು ಎಂಬುದು ಸಾಮಾನ್ಯ ತಿಳುವಳಿಕೆ. ಆದರೆ ಸಾವಿರಾರು ಡಾಲರು ಬಾಳುವ ದೈತ್ಯ ಟ್ಯೂನಾ ಸಿಕ್ಕಿದಾಗ, ಮಾರುವ ಪರವಾನಗಿಯುಳ್ಳ ಕಪ್ತಾನನು ‘ಇದು ದೋಣಿಯದು’ ಎಂದರೆ ಗಿರಾಕಿ ಬೆಪ್ಪಾಗುತ್ತಾನೆ. ಇದನ್ನು ದಕ್ಕೆ ಬಿಡುವ ಮುನ್ನವೇ ಮಾತಾಡಿ ಗೊತ್ತುಮಾಡಿಕೊಳ್ಳುವ ಕಪ್ತಾನನ ದೋಣಿಯಲ್ಲಿ ಜಗಳವಿಲ್ಲ.

ಇನ್ನು ಗಿರಾಕಿಗಳ ನಡತೆ. ದೋಣಿಯವರನ್ನು ಕುರಿತು ಬರೆದು ಬೈಯುವವರು ಹಲವರಿದ್ದಾರೆ. ದೋಣಿಯವರಿಗೆ ಬರೆಯುವ ಬಿಡುವಿಲ್ಲ. ಬೆಳಗಾಗುವ ಮೊದಲೇ ಕುಡಿದು ಬರುವವರು, ಹೇಳಿದ ವೇಳೆಗೆ ಒಂದು ಗಂಟೆ ತಡಮಾಡಿ ಬಂದು ಪೂರ್ತಿ ಅವಧಿ ಬೇಕೆನ್ನುವವರು, ಕೋಲನ್ನು ನೀರಿಗೆ ಬಿಟ್ಟು ‘ಅದು ಹಳೆಯದಾಗಿತ್ತು’ ಎನ್ನುವವರು, ಮೀನು ಸಿಕ್ಕಲಿಲ್ಲವೆಂದು ಬಾಡಿಗೆಗೆ ಚೌಕಾಶಿ ಮಾಡುವವರು ಎಲ್ಲರೂ ಇದ್ದಾರೆ. ಅರ್ನೆಸ್ಟ್ ಹೆಮಿಂಗ್ವೇಯವರು ಕೀ ವೆಸ್ಟಿನ ಬಾಡಿಗೆ ದೋಣಿಗಳನ್ನು ಹತ್ತಿರದಿಂದ ಬಲ್ಲವರು. 1937ರಲ್ಲಿ ಪ್ರಕಟವಾದ ‘ಟು ಹ್ಯಾವ್ ಅಂಡ್ ಹ್ಯಾವ್ ನಾಟ್’ ಕಾದಂಬರಿಯಲ್ಲಿ ದೋಣಿಯವನು ಕಳ್ಳದಂಧೆಗೆ ಇಳಿಯುವುದಕ್ಕೆ ಮೊದಲ ಕಾರಣ ಇಂಥ ಗಿರಾಕಿಯೇ: ವಾರಗಟ್ಟಲೆ ದೋಣಿಯನ್ನು ಬಳಸಿ, ಹೇಳಿದ ಮಾತು ಕೇಳದೆ ಬೆಲೆಬಾಳುವ ಕೋಲು ರೀಲುಗಳನ್ನು ಕಡಲಿಗೆ ಕಳೆದು, ಹಣ ಕೊಡದೆ ವಿಮಾನವೇರಿ ಹೋದವನು. ಮುಂಗಡ ಹಣವಿಲ್ಲದೆ ದಿನವನ್ನು ಗೊತ್ತುಮಾಡದ ಇಂದಿನ ಕಪ್ತಾನರು ಆ ಕಾದಂಬರಿಯನ್ನು ಓದಿರಬೇಕಾಗಿಲ್ಲ. ಅಂಥ ಒಬ್ಬನನ್ನಾದರೂ ಕಂಡಿರುತ್ತಾರೆ.

ಮಧ್ಯಾಹ್ನ ಕಳೆಯುತ್ತಿದ್ದಂತೆ ದೋಣಿಗಳು ಒಂದೊಂದಾಗಿ ಕಾಲುವೆಯೊಳಕ್ಕೆ ಬರುತ್ತವೆ. ದಕ್ಕೆಯ ಹಲಗೆಯ ಮೇಲೆ ಮೇಟನು ಚೂರಿ ಮಸೆದು ನಿಲ್ಲುತ್ತಾನೆ. ಎರಡು ಸೀಳು, ಒಂದು ತಿರುವು, ಚರ್ಮ ಬೇರೆ, ಮಾಂಸ ಬೇರೆ. ಕಡಲಹಕ್ಕಿಗಳು ತಲೆಯ ಮೇಲೆ ಕಿರುಚಾಡುತ್ತವೆ. ಆರು ಮಂದಿಗೆ ಆರು ಚೀಲ ಸಮನಾಗಿ ತುಂಬಬೇಕು. ಒಂದು ಹೋಳು ಕಡಿಮೆಯಾದರೂ ಕಣ್ಣಿಡುವವರಿದ್ದಾರೆ. ಮೀನು ಚೆನ್ನಾಗಿ ಸಿಕ್ಕಿದ ದಿನ ಎಲ್ಲ ಮೇಟ್‌ಗಳೂ ಒಳ್ಳೆಯವರಾಗಿಯೇ ಕಾಣುತ್ತಾರೆ. ಮಂಜುಗಡ್ಡೆಯ ಪೆಟ್ಟಿಗೆ ಬರಿದಾಗಿ ಬಂದ ದಿನ ನೋಡಬೇಕು. ‘ನಿನ್ನೆ ಎಷ್ಟು ಮೀನಿತ್ತು ಗೊತ್ತೇ’ ಎಂದು ಹೊಟ್ಟೆ ಉರಿಸುವ ಕಪ್ತಾನನಿದ್ದಾನೆ. ಗೊತ್ತಿರುವ ನಾಲ್ಕು ಜಾಗಗಳನ್ನೂ ತಿರುಗಿಸಿ, ಅವಧಿ ಮುಗಿದ ಮೇಲೆಯೂ ಅರ್ಧ ಗಂಟೆ ಹೆಚ್ಚು ನಿಂತು, ಡೀಸೆಲ್ಲಿನ ಲೆಕ್ಕ ನೋಡದೆ ಐದನೆಯ ಜಾಗಕ್ಕೂ ಹೋಗಿ, ಕಡೆಗೆ ‘ಇಂದು ನನ್ನ ಕೈಲಾಗಲಿಲ್ಲ’ ಎಂದು ನೇರವಾಗಿ ಹೇಳುವವನೂ ಇದ್ದಾನೆ. ವರ್ಷವರ್ಷವೂ ಅದೇ ದೋಣಿಯನ್ನು, ಅದೇ ವಾರಕ್ಕೆ ಗೊತ್ತುಮಾಡಿಕೊಳ್ಳುವ ಕುಟುಂಬಗಳನ್ನು ವಿಚಾರಿಸಿದರೆ, ಅವರಲ್ಲಿ ಎಷ್ಟೋ ಜನರ ಮೊದಲ ದಿನ ಇಂಥ ಬರಿಗೈಯ ದಿನವೇ ಆಗಿರುತ್ತದೆ.

ಗಿರಾಕಿಗಳ ಕಾರುಗಳು ಹೊರಟುಹೋದ ಮೇಲೆ ಮೇಟನು ರಬ್ಬರ್ ಕೊಳವೆ ಹಿಡಿದು ಡೆಕ್ಕಿನ ಪೊರೆ, ರಕ್ತ ತೊಳೆಯುತ್ತಾನೆ; ರೀಲುಗಳನ್ನು ಸಿಹಿನೀರಿನಲ್ಲಿ ಒರಸಿಡುತ್ತಾನೆ. ಕಪ್ತಾನನು ಮೇಲಿನ ಅಟ್ಟದಲ್ಲಿ ಕುಳಿತು ಮರುದಿನದ ಹವಾಮಾನ ನೋಡುತ್ತಾನೆ. ಗಾಳಿ ಈಶಾನ್ಯಕ್ಕೆ ತಿರುಗಲಿದೆ, ಬೆಳಗಿನ ಇಳಿತವೂ ಅದೇ ಹೊತ್ತಿಗೆ. ಅವನು ಫೋನು ತೆಗೆದು, ನಾಳೆಗೆಂದು ಮೂರು ತಿಂಗಳ ಹಿಂದೆಯೇ ದಿನ ಗೊತ್ತುಮಾಡಿಕೊಂಡವರಿಗೆ ಬರಬೇಡಿರೆಂದು ಹೇಳುತ್ತಾನೆ. ಆ ಕಡೆಯಿಂದ ಬಹಳ ಹೊತ್ತು ಮಾತು ಬರುತ್ತದೆ. ಅವನು ಎಲ್ಲವನ್ನೂ ಕೇಳಿ, ಮುಂಗಡ ಹಣ ವಾಪಸು ಬರುತ್ತದೆಂದೂ, ಇಲ್ಲವೇ ಬೇರೆ ದಿನ ಕೊಡುವೆನೆಂದೂ ತಿಳಿಸಿ, ಕೆಳಗೆ ಬಗ್ಗಿ ಮೇಟನಿಗೆ ನಾಳೆ ಕೆಲಸವಿಲ್ಲವೆಂದು ಕೈಸನ್ನೆ ಮಾಡುತ್ತಾನೆ. ಮೇಟನು ಕೊಳವೆಯ ನೀರನ್ನು ನಿಲ್ಲಿಸಿ, ದೋಣಿಗೆ ಇನ್ನೆರಡು ಹಗ್ಗಗಳನ್ನು ಬಿಗಿಯುತ್ತಾನೆ.